ಆಫ್ರಿಕಾದ ದನ, ನಮ್ಮ ದೇವಣಿ ಮತ್ತು ಉಣ್ಣಿ ಜ್ವರದ ಇತಿಹಾಸ



ನಮ್ಮ ಸಹಕಾರಿ ಸಂಘ ಇಪ್ಪತ್ತೈದು ವರ್ಷ ಪೂರೈಸಿ ಬೆಳ್ಳಿ ಹಬ್ಬ ಆಚರಿಸುತ್ತಿರುವುದು ಚಿಂತಾಕಿ ಹೋಬಳಿಯ ಎಲ್ಲರಿಗೂ ಹೆಮ್ಮೆಯ ಸಂಗತಿ. ಈ ಸ್ಮರಣ ಸಂಚಿಕೆಯಲ್ಲಿ ಸಂಘದ ಹುಟ್ಟು, ಷೇರು ಬಂಡವಾಳ, ಸಾಲ-ವಸೂಲಿ ಇವುಗಳ ಬಗ್ಗೆ ಬರೆಯುವ ಹಿರಿಯರು ಇದ್ದಾರೆ. ನಮಗೆ ಸಂಪಾದಕ ಮಂಡಳಿಯವರು "ದನಗಳ ಬಗ್ಗೆ ಏನಾರ ಬರೀರಿ" ಅಂದರು. ನಾವು ಎಸ್.ಎಸ್.ಎಲ್.ಸಿ. ತನಕ ಓದಿ ಒಕ್ಕಲುತನ ಹಿಡಿದವರು, ಡಾಕ್ಟರ್ ಅಲ್ಲ. ಆದರೂ ಕೊಟ್ಟಿಗೆಯಲ್ಲಿ ಕಂಡದ್ದು, ಪಶುವೈದ್ಯರಿಂದ ಕೇಳಿದ್ದು, ಪುಸ್ತಕದಲ್ಲಿ ಓದಿದ್ದು ಕೂಡಿಸಿ ಈ ಲೇಖನ ಸಿದ್ಧಪಡಿಸಿದ್ದೇವೆ.

ಈ ವಿಷಯವನ್ನೇ ಆರಿಸಲಿಕ್ಕೆ ಕಾರಣ ಇದೆ. ಸದಸ್ಯರು ಸಾಲ ಮಾಡಿ ಮಿಶ್ರತಳಿ ಆಕಳು ತರುತ್ತಾರೆ. ಮೊದಲ ಕರ ಹಾಕಿ, ಹಾಲು ಮನೆಗೆ ಬರುತ್ತಾ ಇರುವ ಹೊತ್ತಿಗೆ ಒಂದು ದಿನ ಆಕಳು ಮೇವು ಬಿಡ್ತದ. ಮೈ ಸುಡ್ತದ. ನಾಲ್ಕು ದಿನ, ಆರು ದಿನದಾಗ ನೆಲಕ್ಕೆ ಬೀಳ್ತದ. ಕಿವಿಯ ಹಿಂದೆ, ಕೆಚ್ಚಲಿನ ಸಂದಿನಲ್ಲಿ, ಬಾಲದ ಬುಡದಲ್ಲಿ ನೋಡಿದರೆ ಉಣ್ಣಿ. ನಮ್ಮ ಗಡಿ ಭಾಗದ ಮರಾಠಿ ಮಾತಾಡುವ ಮಂದಿ ಇದಕ್ಕೆ ಗೋಚೀಡ ಅಂತಾರೆ. ಆಕಳು ಸತ್ತರೂ ಸಾಲ ಸಾಯುವುದಿಲ್ಲ. ಕಂತಿನ ಚೀಟಿ ಸತ್ತ ಆಕಳಿನ ಮನೆಗೂ ಹೋಗುತ್ತದೆ. ಆದ್ದರಿಂದ ಈ ಸಣ್ಣ ಹುಳದ ಇತಿಹಾಸ ತಿಳಿದುಕೊಳ್ಳುವುದು ಸಂಘದ ಲೆಕ್ಕದ ಪುಸ್ತಕಕ್ಕೂ ಸಂಬಂಧಪಟ್ಟ ಮಾತು.

ನಮ್ಮ ಸೀಮೆಯ ತಳಿ

ಮೊದಲು ನಮ್ಮ ದನಗಳ ಮಾತು. ಬೀದರ್ ಜಿಲ್ಲೆಯ ಹೆಸರು ಹೇಳುವ ದನ ಅಂದರೆ ದೇವಣಿ. ಈಗ ಮಹಾರಾಷ್ಟ್ರದ ಲಾತೂರ ಜಿಲ್ಲೆಯಲ್ಲಿರುವ ದೇವಣಿ ಊರಿನಿಂದ ಈ ಹೆಸರು ಬಂತು. ಗುಜರಾತದ ಗೀರ್, ಪಶ್ಚಿಮದ ಡಾಂಗಿ ಮತ್ತು ಇಲ್ಲಿಯ ನಾಡ ದನಗಳ ರಕ್ತ ಕೂಡಿ ಸುಮಾರು ಇನ್ನೂರು ವರ್ಷಗಳಲ್ಲಿ ಈ ತಳಿ ಬೆಳೆಯಿತು ಎಂದು ತಿಳಿದವರು ಹೇಳುತ್ತಾರೆ. ಇದರಲ್ಲಿ ಮೂರು ಬಗೆ. ಪೂರ್ತಿ ಬೆಳ್ಳಗಿದ್ದರೆ ಬಾಳಂಕ್ಯಾ, ಮೈ ಬಿಳಿ ಇದ್ದು ಮುಖದ ಮೇಲೆ ಕಪ್ಪು ಇದ್ದರೆ ವಾನ್ನೇರಾ, ಕಪ್ಪು-ಬಿಳಿ ಮಚ್ಚೆ ಇದ್ದರೆ ವಾಘ್ಯಾ ಅಥವಾ ಶೇವರಾ. ಎತ್ತು ಕರಿ ಭೂಮಿಯಲ್ಲಿ ಕುಂಟೆ, ನೇಗಿಲಿಗೆ ಗಟ್ಟಿ. ಆಕಳು ಒಂದು ಸೂಲಿಗೆ ಸರಾಸರಿ 800ರಿಂದ 900 ಕಿಲೋ ಹಾಲು ಕೊಡುತ್ತದೆ. ಎರಡೂ ಕೆಲಸಕ್ಕೆ ಬರುವ ತಳಿ ಇದು.

ಹಳೆಯ ಹೈದರಾಬಾದ್ ರಾಜ್ಯದಲ್ಲಿ ಉದಗೀರ, ಅಹ್ಮದಪುರ, ನಿಲಂಗಾ, ಜಹೀರಾಬಾದ್, ನಾರಾಯಣಖೇಡ ಎಲ್ಲವೂ ಬೀದರ್ ಜಿಲ್ಲೆಯಲ್ಲೇ ಇದ್ದವು. 1948ರ ಸೆಪ್ಟೆಂಬರದಲ್ಲಿ ನಿಜಾಮರ ಆಳ್ವಿಕೆ ಮುಗಿಯಿತು. 1956ರ ನವೆಂಬರ್ 1ರಂದು ಭಾಷಾವಾರು ಪ್ರಾಂತಗಳಾದಾಗ ಈ ಸೀಮೆ ಮೂರು ರಾಜ್ಯಗಳಿಗೆ ಹಂಚಿಹೋಯಿತು. ಮನುಷ್ಯರಿಗೆ ಗಡಿ ಆಯಿತು, ದನಕ್ಕೆ ಆಗಲಿಲ್ಲ. ಇಂದಿಗೂ ಎತ್ತಿನ ಜೋಡಿ ಸಂತೆಯಿಂದ ಸಂತೆಗೆ, ಜಾತ್ರೆಯಿಂದ ಜಾತ್ರೆಗೆ ಮೂರೂ ರಾಜ್ಯಗಳಲ್ಲಿ ತಿರುಗುತ್ತದೆ. ದನ ತಿರುಗಿದ ಹಾಗೆ ಅದರ ಮೈ ಮೇಲಿನ ಹುಳ, ರಕ್ತದೊಳಗಿನ ರೋಗ ಕೂಡ ತಿರುಗುತ್ತದೆ. ಈ ಮಾತು ನೆನಪಿನಲ್ಲಿಡಿ, ಮುಂದೆ ಆಫ್ರಿಕಾದ ಕಥೆಗೆ ಬೇಕಾಗುತ್ತದೆ.

ದೊಡ್ಡ ಬ್ಯಾನಿ ಸಮುದ್ರ ದಾಟಿದ್ದು

ನಮ್ಮ ಹಿರಿಯರು ದನದ ಸಾವು ಅಂದರೆ ಮೊದಲು ಹೇಳುತ್ತಿದ್ದದ್ದು ದೊಡ್ಡ ಬ್ಯಾನಿ. ಬಾಯಿ ಹುಣ್ಣಾಗಿ, ಕಣ್ಣು ಮೂಗು ಸೋರಿ, ಭೇದಿಯಾಗಿ ಊರ ದನಕ್ಕೆ ದನವೇ ಹೋಗುತ್ತಿತ್ತು. ಊರ ದೇವಿಗೆ ನೈವೇದ್ಯ ಮಾಡುವುದು, ಸೀಮೆಯಲ್ಲಿ ಕಾವಲು ಹಾಕುವುದು, ಬೇರೆ ಊರ ದನ ಒಳಗೆ ಬಿಡದಿರುವುದು ಇವೇ ಆಗಿನ ಉಪಾಯ. ಅದರಲ್ಲಿ ಸೀಮೆ ಕಾವಲು ನಿಜವಾಗಿ ಕೆಲಸಕ್ಕೆ ಬರುವ ಉಪಾಯವೇ ಆಗಿತ್ತು. ಈ ರೋಗದ ಸಲುವಾಗಿಯೇ 1889ರಲ್ಲಿ ಪುಣೆಯಲ್ಲಿ ದನಗಳ ರೋಗದ ಪ್ರಯೋಗಶಾಲೆ ಶುರುವಾಗಿ, 1893ರಲ್ಲಿ ಹಿಮಾಲಯದ ಮುಕ್ತೇಶ್ವರಕ್ಕೆ ಹೋಯಿತು. ಇಂದಿನ ಭಾರತೀಯ ಪಶುವೈದ್ಯ ಸಂಶೋಧನಾ ಸಂಸ್ಥೆಯ ಮೂಲ ಅದೇ. ಹಳೆಯ ಮೈಸೂರು ಸೀಮೆಯಲ್ಲಿ 1925ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಸೀರಮ್ ಸಂಸ್ಥೆ ಕಟ್ಟಿದ್ದೂ ಇದರ ಸಲುವಾಗಿಯೇ.

ದೊಡ್ಡ ಬ್ಯಾನಿ ವೈರಸ್ಸಿನ ರೋಗ, ಉಣ್ಣಿಯದಲ್ಲ. ಆದರೆ ಉಣ್ಣಿ ಜ್ವರದ ಕಥೆ ಅದರಿಂದಲೇ ಶುರುವಾಗುತ್ತದೆ. 1887ರ ಸುಮಾರಿಗೆ ಇಟಲಿಯ ಸೈನ್ಯಕ್ಕೆಂದು ಹಡಗಿನಲ್ಲಿ ಒಯ್ದ ದನಗಳ ಜೊತೆಗೆ ಈ ರೋಗ ಆಫ್ರಿಕಾದ ಎರಿಟ್ರಿಯಾದ ಮಸಾವಾ ಬಂದರಿಗೆ ಇಳಿಯಿತು. ಆ ದನಗಳು ನಮ್ಮ ಭಾರತದಿಂದಲೇ ಹೋದವು ಎಂದು ಹಲವು ಇತಿಹಾಸಕಾರರು ಬರೆದಿದ್ದಾರೆ. ಅಲ್ಲಿಂದ ದಕ್ಷಿಣಕ್ಕೆ ನಡೆಯುತ್ತಾ ನಡೆಯುತ್ತಾ 1896ರಲ್ಲಿ ಜಾಂಬೆಜಿ ನದಿ ದಾಟಿ, ಮರುವರ್ಷ ಆಫ್ರಿಕಾದ ದಕ್ಷಿಣ ತುದಿಗೆ ಮುಟ್ಟಿತು. ದಾರಿಯುದ್ದಕ್ಕೂ ನೂರಕ್ಕೆ ಎಂಬತ್ತು ತೊಂಬತ್ತು ದನ ಸತ್ತವು. ಇಥಿಯೋಪಿಯಾದಲ್ಲಿ ಉಳಲಿಕ್ಕೆ ಎತ್ತು ಇಲ್ಲದೆ ಭೂಮಿ ಬೀಳು ಬಿತ್ತು, ಭಾರಿ ಬರ ಬಂತು. ಎತ್ತು ಹೋದರೆ ಮನುಷ್ಯ ಹ್ಯಾಂಗ ಉಳೀತಾನ ಎನ್ನುವುದು ಒಕ್ಕಲುತನದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಸತ್ತ ದನದ ಜಾಗಕ್ಕೆ ತಂದ ದನ

ದನ ಸತ್ತ ಮೇಲೆ ಅಲ್ಲಿಯವರು ಏನು ಮಾಡಿದರು? ಹೊರಗಿನಿಂದ ದನ ತಂದರು. ಈಗ ಜಿಂಬಾಬ್ವೆ ಎಂದು ಕರೆಯುವ, ಆಗಿನ ರೊಡೇಶಿಯಾಕ್ಕೆ ಬೈರಾ ಬಂದರಿನ ಮೂಲಕ ಹಡಗುಗಳಲ್ಲಿ ದನ ಬಂದವು. ಆಫ್ರಿಕಾದ ಪೂರ್ವ ಕರಾವಳಿಯ ದನಗಳ ಜೊತೆಗೆ ಅಲ್ಲಿಯ ಉಣ್ಣಿ ಜ್ವರವೂ ಬಂತು. 1902ರ ಹೊತ್ತಿಗೆ ಮತ್ತೆ ದನ ಸಾಯಲಿಕ್ಕೆ ಹತ್ತಿದವು. ಮೊದಲು ಅಲ್ಲಿಯ ಅಧಿಕಾರಿಗಳು ಇದು ಹಳೆಯ ಕೆಂಪು ಮೂತ್ರದ ರೋಗವೇ ಇರಬೇಕೆಂದು ತಿಳಿದರು. ಹೆಸರಾಂತ ಜರ್ಮನ್ ವಿಜ್ಞಾನಿ ರಾಬರ್ಟ್ ಕೋಖ್ 1903ರಲ್ಲಿ ಅಲ್ಲಿಗೆ ಹೋಗಿ ನೋಡಿದರು. ಆರ್ನಾಲ್ಡ್ ಥೀಲರ್ ಎಂಬ ಪಶುವೈದ್ಯರು ಇದರ ರೋಗಾಣು ಬೇರೆಯೇ ಎಂದು ತೋರಿಸಿಕೊಟ್ಟರು. ಅವರ ಹೆಸರಿನ ಮೇಲೆಯೇ ಈ ಜಾತಿಯ ರೋಗಾಣುಗಳಿಗೆ ಥೈಲೇರಿಯಾ ಎಂಬ ಹೆಸರು ಬಂದಿದೆ. ಲೌನ್ಸ್‌ಬರಿ ಎಂಬ ಕೀಟ ವಿಜ್ಞಾನಿ, ದನದ ಕಿವಿಯಲ್ಲಿ ಕೂಡುವ ಕಂದು ಉಣ್ಣಿಯೇ ಇದನ್ನು ಹರಡುತ್ತದೆ ಎಂದು ಕಂಡುಹಿಡಿದರು.

ಈ ರೋಗಕ್ಕೆ ಪೂರ್ವ ಕರಾವಳಿ ಜ್ವರ ಎಂದು ಹೆಸರು. ದಕ್ಷಿಣ ಆಫ್ರಿಕಾದಲ್ಲಿ ಔಷಧ ತುಂಬಿದ ಹೊಂಡ ಕಟ್ಟಿ, ಪ್ರತಿಯೊಂದು ದನವನ್ನೂ ಅದರಲ್ಲಿ ಈಜಾಡಿಸಿ ದಾಟಿಸುವ ಪದ್ಧತಿ ಮಾಡಿದರು. ಬೇಲಿ ಹಾಕಿದರು, ದನದ ಓಡಾಟ ನಿಲ್ಲಿಸಿದರು. ಹೀಗೆ ಐವತ್ತು ವರ್ಷ ಬಡಿದಾಡಿ 1950ರ ದಶಕದಲ್ಲಿ ಅಲ್ಲಿ ರೋಗ ತೊಡೆದುಹಾಕಿದರು. ಅಷ್ಟರೊಳಗೆ ಲಕ್ಷಗಟ್ಟಲೆ ದನ ಸತ್ತಿದ್ದವು. ಕೀನ್ಯಾ, ತಾಂಜಾನಿಯಾ, ಉಗಾಂಡಾ ಕಡೆ ಈ ರೋಗ ಇಂದಿಗೂ ಇದೆ. ಕೀನ್ಯಾದ ಮುಗುಗಾ ಸಂಶೋಧನಾ ಕೇಂದ್ರದವರು ಒಂದು ಉಪಾಯ ತೆಗೆದರು: ದನಕ್ಕೆ ಜೀವಂತ ರೋಗಾಣುವನ್ನೇ ಚುಚ್ಚಿ, ಅದೇ ಹೊತ್ತಿಗೆ ಟೆಟ್ರಾಸೈಕ್ಲಿನ್ ಔಷಧವನ್ನೂ ಕೊಡುವುದು. ರೋಗ ಹಗುರಾಗಿ ಬಂದು ಹೋಗುತ್ತದೆ, ದನಕ್ಕೆ ಶಕ್ತಿ ಉಳಿಯುತ್ತದೆ.

ಈ ಇತಿಹಾಸದಿಂದ ನಮಗೆ ಕಾಣುವ ಪಾಠ ಒಂದೇ. ಮೊದಲ ರೋಗ ದನದ ಜೊತೆ ಹಡಗಿನಲ್ಲಿ ಬಂತು. ಎರಡನೆಯ ರೋಗ, ಮೊದಲ ರೋಗದ ನಷ್ಟ ತುಂಬಲಿಕ್ಕೆ ತಂದ ದನದ ಜೊತೆ ಬಂತು. ಅವಸರದಲ್ಲಿ ಕೊಂಡ ದನ ತನ್ನ ಊರಿನ ಹುಳವನ್ನೂ ಮೈ ಮೇಲೆ ಹೊತ್ತುಕೊಂಡೇ ಬರುತ್ತದೆ.

ಹುಳದಿಂದ ರೋಗ ಎಂದು ಗೊತ್ತಾದದ್ದು

ಹುಳ ಕಚ್ಚಿದರೆ ರೋಗ ಬರುತ್ತದೆ ಎನ್ನುವುದನ್ನು ದೊಡ್ಡ ದೊಡ್ಡ ಪಂಡಿತರು ಬಹಳ ದಿನ ನಂಬಲಿಲ್ಲ. ಅಮೆರಿಕದ ಟೆಕ್ಸಾಸ್ ಸೀಮೆಯ ದನಗಾರರು "ಉಣ್ಣಿಯಿಂದಲೇ ನಮ್ಮ ದನ ಸಾಯುತ್ತಿವೆ" ಎಂದು ಮೊದಲಿನಿಂದ ಹೇಳುತ್ತಿದ್ದರು. ಕೊನೆಗೆ ಥಿಯೋಬಾಲ್ಡ್ ಸ್ಮಿತ್ ಮತ್ತು ಕಿಲ್ಬೋರ್ನ್ ಎಂಬಿಬ್ಬರು ಹೊಲದಲ್ಲಿಯೇ ಪ್ರಯೋಗ ಮಾಡಿ 1893ರಲ್ಲಿ ಅದು ನಿಜ ಎಂದು ಪ್ರಕಟಿಸಿದರು. ರಕ್ತ ಕುಡಿಯುವ ಹುಳ ರೋಗಾಣುವನ್ನು ಒಂದು ಪ್ರಾಣಿಯಿಂದ ಇನ್ನೊಂದಕ್ಕೆ ಒಯ್ಯುತ್ತದೆ ಎಂದು ತೋರಿಸಿದ ಮೊದಲ ಕೆಲಸಗಳಲ್ಲಿ ಇದು ಒಂದು. ರೈತರ ಮಾತಿಗೆ ಬೆಲೆ ಬರಲಿಕ್ಕೆ ಇಷ್ಟು ಕಾಲ ಬೇಕಾಯಿತು.

ಇದಾದ ನಾಲ್ಕು ವರ್ಷಕ್ಕೆ, 1897ರ ಆಗಸ್ಟ್ 20ರಂದು, ಮಲೇರಿಯಾದ ರೋಗಾಣುವನ್ನು ಸೊಳ್ಳೆಯ ಹೊಟ್ಟೆಯಲ್ಲಿ ರೊನಾಲ್ಡ್ ರಾಸ್ ಕಂಡರು. ಕಂಡದ್ದು ಎಲ್ಲಿ? ಸಿಕಂದರಾಬಾದಿನಲ್ಲಿ. ಅಂದರೆ ನಮ್ಮ ಬೀದರ್ ಯಾವ ಸಂಸ್ಥಾನದಲ್ಲಿತ್ತೋ ಅದೇ ಸಂಸ್ಥಾನದಲ್ಲಿ. ಅದಕ್ಕೆ 1902ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು. ದನದ ಉಣ್ಣಿ ಜ್ವರದ ರೋಗಾಣು, ಮನುಷ್ಯನ ಮಲೇರಿಯಾದ ರೋಗಾಣು ಇವೆರಡೂ ದೂರದ ದಾಯಾದಿಗಳೇ. ಎರಡೂ ಕೆಂಪು ರಕ್ತಕಣದೊಳಗೆ ಹೊಕ್ಕು ಬದುಕುತ್ತವೆ.

ನೊಣ ತರುವ ಸಾವು

ಆಫ್ರಿಕಾದ ದನಗಳಿಗೆ ಇನ್ನೊಂದು ಶತ್ರು ಸೆಟ್ಸಿ ಎಂಬ ನೊಣ. ಇದು ಕಚ್ಚಿದರೆ ಟ್ರಿಪನೋಸೋಮಾ ಎಂಬ, ಹಾವಿನ ಮರಿಯಂತೆ ಹೊರಳಾಡುವ ಸೂಕ್ಷ್ಮ ಜೀವಿ ರಕ್ತಕ್ಕೆ ಸೇರುತ್ತದೆ. ದನ ದಿನದಿನಕ್ಕೆ ಸೊರಗಿ, ರಕ್ತ ಕಡಿಮೆಯಾಗಿ, ಎಲುಬಿನ ಹಂದರವಾಗಿ ಸಾಯುತ್ತದೆ. ಅಲ್ಲಿ ಇದಕ್ಕೆ ನಗಾನಾ ಅನ್ನುತ್ತಾರೆ. 1894-95ರಲ್ಲಿ ಜುಲುಲ್ಯಾಂಡಿನಲ್ಲಿ ಡೇವಿಡ್ ಬ್ರೂಸ್ ಇದರ ಕಾರಣ ಕಂಡುಹಿಡಿದರು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಅಂದಾಜಿನಂತೆ ಈ ರೋಗದಿಂದ ಆಫ್ರಿಕಾದಲ್ಲಿ ವರ್ಷಕ್ಕೆ ಸುಮಾರು 30 ಲಕ್ಷ ದನ ಸಾಯುತ್ತವೆ. ಸೆಟ್ಸಿ ನೊಣ ಇರುವ ಎಷ್ಟೋ ಸೀಮೆಯಲ್ಲಿ ಎತ್ತು ಕಟ್ಟಿ ಉಳುವುದು ಸಾಧ್ಯವಾಗಲಿಲ್ಲ, ಕೈಗುದ್ದಲಿಯಿಂದಲೇ ಒಕ್ಕಲುತನ ನಡೆಯಿತು. ಒಂದು ನೊಣ ಒಂದು ಖಂಡದ ಬೇಸಾಯವನ್ನೇ ಕಟ್ಟಿಹಾಕಿತು ಅಂದರೆ ತಪ್ಪಲ್ಲ. ಜಾಂಜಿಬಾರ್ ದ್ವೀಪದಲ್ಲಿ ಮಾತ್ರ, ಬೀಜಶಕ್ತಿ ಇಲ್ಲದಂತೆ ಮಾಡಿದ ಗಂಡು ನೊಣಗಳನ್ನು ಲೆಕ್ಕವಿಲ್ಲದಷ್ಟು ಬಿಟ್ಟು, 1990ರ ದಶಕದ ಕೊನೆಗೆ ಆ ನೊಣದ ವಂಶವನ್ನೇ ಮುಗಿಸಿದರು.

ನಮ್ಮ ಪುಣ್ಯ, ಸೆಟ್ಸಿ ನೊಣ ನಮ್ಮ ದೇಶದಲ್ಲಿ ಇಲ್ಲ. ಆದರೆ ಅದೇ ಜಾತಿಯ ರೋಗಾಣು ಇದೆ. 1880ರಲ್ಲಿ ಪಂಜಾಬದ ಡೇರಾ ಇಸ್ಮಾಯಿಲ್ ಖಾನದಲ್ಲಿ, ಅಂದರೆ ಈಗಿನ ಪಾಕಿಸ್ತಾನದಲ್ಲಿ, ಗ್ರಿಫಿತ್ ಇವಾನ್ಸ್ ಎಂಬ ಸೈನ್ಯದ ಪಶುವೈದ್ಯರು ಕುದುರೆ ಮತ್ತು ಒಂಟೆಗಳ ರಕ್ತದಲ್ಲಿ ಅದನ್ನು ಕಂಡರು. ಇದೇ ಸರ್ರಾ ರೋಗ. ಆಫ್ರಿಕಾದ ನಗಾನಾಕ್ಕಿಂತ ಮೊದಲೇ ಗೊತ್ತಾದದ್ದು ಇದು. ಮಳೆಗಾಲ ಮತ್ತು ಅದರ ನಂತರ ದೊಡ್ಡ ಕಚ್ಚುವ ನೊಣಗಳು ಇದನ್ನು ಹರಡುತ್ತವೆ. ಎಮ್ಮೆ, ಆಕಳು ಒಮ್ಮಿಂದೊಮ್ಮೆಲೆ ಸುತ್ತು ತಿರುಗುವುದು, ತಲೆ ಗೋಡೆಗೆ ಒತ್ತುವುದು, ನಡುಗಿ ಬೀಳುವುದು ಕಂಡರೆ ಗಾಳಿ ಸೋಕ್ಯದ ಅಂತ ಕೂಡಬೇಡಿ, ರಕ್ತ ಪರೀಕ್ಷೆ ಮಾಡಿಸಿ.

ಇಲ್ಲಿ ಇನ್ನೊಂದು ಮಾತು. ಪಶ್ಚಿಮ ಆಫ್ರಿಕಾದಲ್ಲಿ ಎನ್'ಡಾಮಾ ಎಂಬ ಗಿಡ್ಡ ತಳಿ ಇದೆ. ಸಾವಿರಾರು ವರ್ಷ ಸೆಟ್ಸಿ ನೊಣದ ನಡುವೆ ಬಾಳಿ ಆ ರೋಗ ತಡೆದುಕೊಳ್ಳುವ ಗುಣ ಅದಕ್ಕೆ ಬಂದಿದೆ. ಹೊರಗಿನಿಂದ ತಂದ ದೊಡ್ಡ ದನ ಸಾಯುವಲ್ಲಿ ಎನ್'ಡಾಮಾ ಮೇಯುತ್ತಾ ಇರುತ್ತದೆ. ಹಾಲು ಕಡಿಮೆ, ಮೈಕಟ್ಟು ಸಣ್ಣದು, ಆದರೆ ಜೀವ ಗಟ್ಟಿ. ನಮ್ಮ ದೇವಣಿಯ ಮಾತೂ ಬಹಳಷ್ಟು ಹೀಗೇ ಇದೆ.

ನಮ್ಮ ಕೊಟ್ಟಿಗೆಯ ಮಾತು

1970ರಿಂದ 1996ರ ತನಕ ದೇಶದಲ್ಲಿ ಕ್ಷೀರಧಾರೆಯ ಕಾರ್ಯಕ್ರಮ ನಡೆಯಿತು. ಕರ್ನಾಟಕದಲ್ಲಿ 1974ರಲ್ಲಿ ಡೈರಿ ಅಭಿವೃದ್ಧಿ ನಿಗಮ ಆಗಿ, ಮುಂದೆ ಹಾಲು ಮಹಾಮಂಡಳ ಬಂತು. ಹೋಲ್‌ಸ್ಟೀನ್, ಜರ್ಸಿ ರಕ್ತದ ಮಿಶ್ರತಳಿ ಆಕಳುಗಳು ಹಳ್ಳಿ ಹಳ್ಳಿಗೆ ಬಂದವು. ಇದರಿಂದ ಎಷ್ಟೋ ಮನೆಗಳಲ್ಲಿ ದೀಪ ಹತ್ತಿದೆ, ಮಕ್ಕಳ ಶಾಲೆ ಫೀ ಕಟ್ಟಿದೆ, ಇದನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಆ ಆಕಳಿಗೆ ನಮ್ಮ ಉಣ್ಣಿಯ ಪರಿಚಯ ಇಲ್ಲ. ನಮ್ಮ ದೇಶದ ಥೈಲೇರಿಯಾ ಆಫ್ರಿಕಾದ್ದಲ್ಲ, ಅದರ ತಮ್ಮ. ಹೆಸರು ಥೈಲೇರಿಯಾ ಆನ್ಯುಲೇಟಾ. ನಾಡ ದನಗಳಲ್ಲಿ ಇದು ಹಗುರಾಗಿ ಬಂದು ಹೋಗುತ್ತದೆ, ಮಿಶ್ರತಳಿಯಲ್ಲಿ ಕೊಲ್ಲುತ್ತದೆ.

ಇದನ್ನು ಹರಡುವ ಹಯಲೋಮಾ ಉಣ್ಣಿಯ ಗುಣ ತಿಳಿಯಬೇಕು. ರಕ್ತ ಕುಡಿದು ಉಬ್ಬಿದ ಹೆಣ್ಣು ಉಣ್ಣಿ ದನದ ಮೈಯಿಂದ ಉದುರಿ, ಕೊಟ್ಟಿಗೆಯ ಗೋಡೆ ಬಿರುಕಿನಲ್ಲಿ, ಗೋದಲಿಯ ಸಂದಿನಲ್ಲಿ ಸೇರಿ ಸಾವಿರಾರು ತತ್ತಿ ಇಟ್ಟು ಸಾಯುತ್ತದೆ. ತತ್ತಿಯಿಂದ ಬಂದ ಮರಿಯಲ್ಲಿ ಥೈಲೇರಿಯಾ ಇರುವುದಿಲ್ಲ. ಅದು ಸಣ್ಣದಿದ್ದಾಗ ರೋಗದ ದನದ ರಕ್ತ ಕುಡಿದು, ದೊಡ್ಡದಾದ ಮೇಲೆ ಇನ್ನೊಂದು ದನಕ್ಕೆ ರೋಗ ಕೊಡುತ್ತದೆ. ಅಂದರೆ ದನದ ಮೈ ಮೇಲೆ ಕಾಣುವ ಉಣ್ಣಿ ಸ್ವಲ್ಪ, ಗೋಡೆಯೊಳಗೆ ಅಡಗಿದ್ದೇ ಬಹಳ. ಬರೀ ದನದ ಮೈಗೆ ಔಷಧ ಹೊಡೆದು ಗೋಡೆ ಬಿಟ್ಟರೆ, ಹೊಲದ ಅಂಚಿನ ಕಳೆ ತೆಗೆದು ನಡುವಿನದು ಬಿಟ್ಟ ಹಾಗೆ.

ಲಕ್ಷಣ ಹೀಗಿವೆ: ಜ್ವರ 104 ಡಿಗ್ರಿ ಮೇಲೆ, ಹೆಗಲ ಮುಂದಿನ ಗಂಟು ನಿಂಬೆಹಣ್ಣಿನಂತೆ ಉಬ್ಬುವುದು, ಹಾಲು ಒಮ್ಮೆಲೆ ಇಳಿಯುವುದು, ಮೆಲುಕು ನಿಲ್ಲುವುದು, ಉಸಿರು ಮೇಲೆ-ಕೆಳಗೆ, ಕಣ್ಣಿನ ಒಳಪದರು ಬಿಳಿಚಿಕೊಳ್ಳುವುದು. ಮೂತ್ರ ಚಹಾ ಕಾಫಿ ಬಣ್ಣಕ್ಕೆ ಬಂದರೆ ಅದು ಬೇರೆ ಉಣ್ಣಿ ರೋಗ, ಬಬೇಸಿಯಾ. ಎರಡಕ್ಕೂ ಔಷಧ ಬೇರೆ ಬೇರೆ. ಥೈಲೇರಿಯಾಕ್ಕೆ 1980ರ ದಶಕದಲ್ಲಿ ಕಂಡುಹಿಡಿದ ಬುಪಾರ್ವಾಕ್ವೋನ್, ಬಬೇಸಿಯಾಕ್ಕೆ ಡಿಮಿನಾಜಿನ್. ಅದಕ್ಕೇ ಕಿವಿಯ ನರದಿಂದ ಒಂದು ಹನಿ ರಕ್ತ ಗಾಜಿನ ಮೇಲೆ ಸವರಿ ನೋಡಿಸಿದ ಮೇಲೆಯೇ ಸೂಜಿ ಹಾಕಿಸಬೇಕು. ಜ್ವರ ಬಂದ ಮೊದಲ ಎರಡು ದಿನದಲ್ಲಿ ಔಷಧ ಬಿದ್ದರೆ ಆಕಳು ಉಳಿಯುವ ಆಸೆ ಬಹಳ. ರಕ್ತ ಬತ್ತಿದ ಮೇಲೆ ಎಷ್ಟು ದುಡ್ಡಿನ ಸೂಜಿ ಹಾಕಿದರೂ ಉಪಯೋಗ ಕಡಿಮೆ. ಮಿಶ್ರತಳಿಗೆಂದು ಹೈದರಾಬಾದಿನ ಇಂಡಿಯನ್ ಇಮ್ಯುನಾಲಜಿಕಲ್ಸ್ ಸಂಸ್ಥೆ ರಕ್ಷಾವ್ಯಾಕ್-ಟಿ ಎಂಬ ಲಸಿಕೆಯನ್ನೂ ತಯಾರಿಸಿತು. ಅದು ಸಿಗುತ್ತದೆಯೇ, ಯಾವ ವಯಸ್ಸಿನ ದನಕ್ಕೆ ಎನ್ನುವುದನ್ನು ಪಶುವೈದ್ಯರಿಂದ ಕೇಳಿ ತಿಳಿಯಬೇಕು.

ಹೊಸ ರೋಗಗಳೂ ನಿಂತಿಲ್ಲ. 1929ರಲ್ಲಿ ಆಫ್ರಿಕಾದ ಜಾಂಬಿಯಾದಲ್ಲಿ ಮೊದಲು ಕಂಡ ಚರ್ಮಗಂಟು ರೋಗ 2019ರಲ್ಲಿ ಒಡಿಶಾಕ್ಕೆ ಬಂದು, 2022ರಲ್ಲಿ ನಮ್ಮ ರಾಜ್ಯದಲ್ಲಿ ಸಾವಿರಾರು ದನಗಳನ್ನು ತಿಂದಿತು. ಅದು ವೈರಸ್ಸಿನ ರೋಗವಾದರೂ ಹರಡುವುದು ಕಚ್ಚುವ ಹುಳಗಳಿಂದಲೇ. ಕೊಟ್ಟಿಗೆ ಸ್ವಚ್ಛ ಇದ್ದವರಿಗೆ ಅಲ್ಲಿಯೂ ಲಾಭ. ಹಾಗೆಂದು ಎದೆಗುಂದಬೇಕಾಗಿಲ್ಲ. ನಮ್ಮ ಮುತ್ತ್ಯಾಗಳನ್ನು ಅಳಿಸಿದ ದೊಡ್ಡ ಬ್ಯಾನಿ 1995ರ ನಂತರ ನಮ್ಮ ದೇಶದಲ್ಲಿ ಕಂಡಿಲ್ಲ, 2011ರಲ್ಲಿ ಇಡೀ ಜಗತ್ತಿನಿಂದಲೇ ಹೋಯಿತು ಎಂದು ಸಾರಿದರು. ಎಲ್ಲರೂ ಒಂದಾಗಿ ಲಸಿಕೆ ಹಾಕಿಸಿದ್ದರಿಂದ ಅದು ಸಾಧ್ಯವಾಯಿತು. ಸಹಕಾರ ಅಂದರೆ ಇದೇ.

ಸಂಘದ ಮುಂದೆ ನಮ್ಮ ಸಲಹೆ

ಮುಂದಿನ ಸರ್ವ ಸದಸ್ಯರ ಸಭೆಯ ವಿಚಾರಕ್ಕೆ ಈ ಮಾತುಗಳನ್ನು ಇಡುತ್ತೇವೆ.

ಒಂದು, ಆಕಳ ಸಾಲ ಕೊಡುವ ಮೊದಲು ಕೊಟ್ಟಿಗೆ ನೋಡಬೇಕು. ಗೋಡೆಯ ಬಿರುಕು ಮುಚ್ಚಿ ಸುಣ್ಣ ಹೊಡೆದಿದ್ದರೆ ಮಾತ್ರ ಸಾಲ ಮಂಜೂರು.

ಎರಡು, ಹೊರಗಿನಿಂದ ತಂದ ದನವನ್ನು ಮೂರು ವಾರ ಬೇರೆ ಕಡೆ ಕಟ್ಟಬೇಕು. ಉಣ್ಣಿ ಜ್ವರ ಹೊರಬೀಳಲಿಕ್ಕೆ ಒಂದರಿಂದ ಮೂರು ವಾರ ಬೇಕು. ಕೊಳ್ಳುವ ಊರಲ್ಲೇ ರಕ್ತ ಪರೀಕ್ಷೆ ಆದರೆ ಇನ್ನೂ ಒಳ್ಳೆಯದು.

ಮೂರು, ವಿಮೆ ಮಾಡಿಸಿದ ದನದ ಕಿವಿಯ ಬಿಲ್ಲೆ ಬಿದ್ದರೆ ಅವತ್ತೇ ತಿಳಿಸಬೇಕು. ಬಿಲ್ಲೆ ಇಲ್ಲದ ಕಾರಣಕ್ಕೆ ಪರಿಹಾರ ಸಿಗದೆ ಒದ್ದಾಡಿದ ಸದಸ್ಯರು ನಮ್ಮಲ್ಲಿದ್ದಾರೆ.

ನಾಲ್ಕು, ಉಣ್ಣಿ ಔಷಧವನ್ನು ಊರಿನವರೆಲ್ಲ ಒಂದೇ ದಿನ ಹೊಡೆಯಬೇಕು, ದನಕ್ಕೂ ಗೋಡೆಗೂ. ಪ್ರಮಾಣವನ್ನು ಡಾಕ್ಟರ್ ಸಾಹೇಬರು ಹೇಳಿದಷ್ಟೇ ಹಾಕಬೇಕು. ಒಬ್ಬನ ಕೊಟ್ಟಿಗೆ ಬಿಟ್ಟರೂ ಉಣ್ಣಿ ಪಕ್ಕದ ಮನೆಗೆ ನಡೆದು ಬರುತ್ತದೆ. ನಾಲ್ಕು ಕೋಳಿ ಕೊಟ್ಟಿಗೆಯಲ್ಲಿ ಬಿಟ್ಟರೆ ಅವೂ ಹೆಕ್ಕಿ ತಿನ್ನುತ್ತವೆ.

ಐದು, ದೇವಣಿ ಸಾಕುವ ಸದಸ್ಯರಿಗೂ ಮಿಶ್ರತಳಿಯವರಷ್ಟೇ ಸಾಲ ಸೌಲಭ್ಯ ಸಿಗಬೇಕು. 2004ರ ಕಾಯ್ದೆಯಂತೆ ಪಶುವೈದ್ಯಕೀಯ ವಿಶ್ವವಿದ್ಯಾಲಯ ನಮ್ಮ ಬೀದರಿನಲ್ಲೇ ಆಗಿದೆ. ಭಾಲ್ಕಿ ತಾಲ್ಲೂಕಿನ ಕಟ್ಟಿತುಗಾಂವದಲ್ಲಿ ಅದರ ದೇವಣಿ ಕೇಂದ್ರ ಇದೆ. ರಾಜ್ಯದ ದೂರದೂರದ ರೈತರು ಕೇಳಿಕೊಂಡು ಬರುವ ಸಂಸ್ಥೆ ನಮ್ಮ ಜಿಲ್ಲೆಯಲ್ಲೇ ಇರುವಾಗ ನಾವು ಹೋಗಿ ಕೇಳದಿದ್ದರೆ ಹ್ಯಾಂಗ?

ಕಾರಹುಣ್ಣಿಮೆಗೆ ಎತ್ತಿನ ಕೋಡಿಗೆ ಬಣ್ಣ ಹಚ್ಚಿ ಪೂಜೆ ಮಾಡುವ ಮಂದಿ ನಾವು. ಆ ದಿನ ಮೈ ತೊಳೆಯುವಾಗ ಕಿವಿಯ ಹಿಂದೆ, ಬಾಲದ ಬುಡದಲ್ಲಿ ಒಮ್ಮೆ ಬೆರಳಾಡಿಸಿ ನೋಡೋಣ. ವರ್ಷದಲ್ಲಿ ಒಂದು ದಿನ ಅಲ್ಲ, ವಾರಕ್ಕೊಮ್ಮೆ ನೋಡೋಣ. ನಮ್ಮ ಸಂಘ ಚಿನ್ನದ ಹಬ್ಬ ಆಚರಿಸುವ ಹೊತ್ತಿಗೆ, ಉಣ್ಣಿ ಜ್ವರದಿಂದ ಸತ್ತ ಆಕಳಿನ ಮೇಲಿನ ಸಾಲದ ಬಾಕಿ ಎಂಬ ಸಾಲು ನಮ್ಮ ಪುಸ್ತಕದಲ್ಲಿ ಒಂದೂ ಇರದಿರಲಿ ಎಂದು ಹಾರೈಸುತ್ತೇವೆ.